ಅಲ್ ಖುವೈರಿನಲ್ಲಿ ಕೆಡ್ಡಸ

೮ ಜನವರಿ ೨೦೦೫, ಶನಿವಾರ

ಇಲ್ಲಿ ಒಮಾನಿನಲ್ಲಿ ಚಳಿಗಾಲದ ರಜೆ ಮುಗಿದು ಇವತ್ತು ಶಾಲೆ ಶುರುವಾಯಿತು. ಐದನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನದ ಪಾಠ ಬೇಡ, ಸುನಾಮಿಯ ಸುದ್ದಿಯೇ ಬೇಕು. ಎರಡು ವಾರದಿಂದ ಟಿವಿಯಲ್ಲಿ ಅದನ್ನೇ ನೋಡಿ ಹೆದರಿಕೊಂಡಿವೆ. ಬೋರ್ಡಿನ ಮೇಲೆ ಸಮುದ್ರದ ತಳ ಬರೆದು, ಭೂಮಿಯೊಳಗಿನ ಪದರಗಳು ಹೇಗೆ ಜಾರುತ್ತವೆ ಎಂದು ವಿವರಿಸಿದೆ. ಎರಡನೇ ಬೆಂಚಿನ ಭಾಗ್ಯಶ್ರೀ ಎದ್ದು ನಿಂತಳು. "ಟೀಚರ್, ಈಸ್ ದಿ ಅರ್ತ್ ಆಂಗ್ರಿ ವಿದ್ ಅಸ್?"

ಇಲ್ಲ ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಅಮ್ಮ ನನಗೆ ಹೇಳಿದ್ದ, ನಮ್ಮ ಬೆಳ್ತಂಗಡಿ ಕಡೆಯ ಕೆಡ್ಡಸದ ಕಥೆ ಹೇಳಿದೆ. ನಮ್ಮಲ್ಲಿ ಭೂಮಿ ಎಂದರೆ ಹೆಣ್ಣು. ಫೆಬ್ರವರಿಯಲ್ಲಿ ಮೂರು ದಿನ ಅವಳು ಮುಟ್ಟಾಗುತ್ತಾಳೆ. ಆಗ ಯಾರೂ ಅಗೆಯುವುದಿಲ್ಲ, ಉಳುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಕೊನೆಗೆ ಹೆಂಗಸರು ಅವಳಿಗೆ ಎಣ್ಣೆ, ಸೀಗೆಪುಡಿ ಕೊಟ್ಟು ಮೀಯಿಸುತ್ತಾರೆ. "ಅವಳಿಗೆ ಕೋಪ ಅಲ್ಲ, ಸುಸ್ತು" ಎಂದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಗಂಡುಮಕ್ಕಳಿಗೆ ಅರ್ಥವಾಗಲಿಲ್ಲ. ಬೆಲ್ ಆಯಿತು.

ಆ ಹಳ್ಳಿ ಸಂಗತಿಯನ್ನೆಲ್ಲ ಇಲ್ಲಿ ಯಾಕೆ ಎತ್ತಿದೆನೋ.

೧೧ ಜನವರಿ, ಮಂಗಳವಾರ

ಹೆಡ್‌ಮಿಸ್ಟ್ರೆಸ್ ರೋಸಲಿಂಡ್ ಮೇಡಂ ಕರೆಸಿದರು. ಮಂಗಳೂರಿನವರು, ನೇರ ಮಾತು. ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿ "ಓದು ಶುಭಾ" ಎಂದರು. ಭಾಗ್ಯಶ್ರೀಯ ಅಪ್ಪ ಶಿವಶರಣ ಅವರ ಈಮೇಲ್. ಖುರುಮ್‌ನಲ್ಲಿ ಯಾವುದೋ ಕಂಪನಿಯ ಅಕೌಂಟೆಂಟ್, ಗುಲ್ಬರ್ಗದವರು. ವಿಜ್ಞಾನದ ಟೀಚರು ಹತ್ತು ವರ್ಷದ ಮಕ್ಕಳಿಗೆ ಅಸಭ್ಯ ವಿಷಯ ಹೇಳಿದ್ದಾರೆ, ಮಣ್ಣು ಪೂಜೆಯ ಪೇಗನ್ ಆಚರಣೆಯನ್ನು ಹಿಂದೂ ಧರ್ಮ ಎಂದು ತೋರಿಸಿದ್ದಾರೆ, ಪರದೇಶದಲ್ಲಿ ನಮ್ಮ ಮಾನ ಕಳೆಯುತ್ತಿದ್ದಾರೆ. ಕೊನೆಗೆ, ಲಿಖಿತ ಕ್ಷಮಾಪಣೆ ಬೇಕು.

"ಮಾರ್ಚ್‌ನಲ್ಲಿ ನಿನ್ನ ಕಾಂಟ್ರ್ಯಾಕ್ಟ್ ಕಮಿಟಿ ಮುಂದೆ ಬರ್ತದೆ. ಎರಡು ಸಾಲು ಬರೆದು ಕೊಡು ಮಾರಾಯ್ತಿ, ಖಲಾಸ್" ಎಂದರು ರೋಸಲಿಂಡ್.

ಮನೆಗೆ ಬಂದು ಇವರಿಗೆ ಹೇಳಿದೆ. ಅಲ್ ಮವಾಲೇಹ್‌ನಲ್ಲಿ ಚರಂಡಿ ಪೈಪು ಹಾಕುವ ಕೆಲಸದ ಸೂಪರ್‌ವೈಸರ್ ನನ್ನ ಗಂಡ ಪ್ರೇಮನಾಥ. ದಿನವಿಡೀ ಭೂಮಿ ಅಗೆಸುವ ಕೆಲಸ. "ಬರೆದು ಬಿಡು. ನಿನಗೆ ಯಾಕೆ ಬೇಕಿತ್ತು ಇದೆಲ್ಲ?" ಎಂದರು. ಸರಿ ಎನಿಸಿತು.

೧೪ ಜನವರಿ, ಶುಕ್ರವಾರ

ಬೆಳಿಗ್ಗೆ ಮುಟ್ಟಾದೆ. ದೇವರ ಮುಂದೆ ಇವರೇ ದೀಪ ಹಚ್ಚಿದರು. ನಾನು ಬಾಲ್ಕನಿಯಲ್ಲಿ ಕುಳಿತೆ. ಹೊಟ್ಟೆನೋವು. ಪತ್ರ ಬರೆದು ಹರಿದೆ, ಬರೆದು ಹರಿದೆ.

೧೫ ಜನವರಿ, ಶನಿವಾರ

ಕೊಟ್ಟೆ. ಮೂರೇ ಸಾಲು, ಇಂಗ್ಲಿಷಿನಲ್ಲಿ. "ತರಗತಿಯಲ್ಲಿ ನಾನು ಹೇಳಿದ್ದು ಯಾವ ಧರ್ಮವೂ ಅಲ್ಲ. ಓದು ಬರಹವಿಲ್ಲದ ಹಳ್ಳಿಗರ ಹಿಂದುಳಿದ ನಂಬಿಕೆ. ನೋವಾಗಿದ್ದರೆ ಕ್ಷಮಿಸಿ."

ರೋಸಲಿಂಡ್ ಓದಿ, ಇದರ ಪ್ರತಿಗಳನ್ನು ಮಕ್ಕಳ ಮೂಲಕ ಮನೆಗಳಿಗೆ ಕಳಿಸುತ್ತೇನೆ ಎಂದರು. ತಲೆ ಆಡಿಸಿದೆ. ಮುಗಿಯಿತಲ್ಲ.

೧೭ ಜನವರಿ, ಸೋಮವಾರ

ಮುಗಿಯಲಿಲ್ಲ. ಇವತ್ತು ಕ್ಲಾಸು ಬಿಟ್ಟ ಮೇಲೆ ಭಾಗ್ಯಶ್ರೀ ನನ್ನ ಮೇಜಿನ ಹತ್ತಿರ ನಿಂತಳು. ಅಪ್ಪ ದೂರು ಕೊಟ್ಟದ್ದು ಅವಳಿಗೆ ಗೊತ್ತಿದೆ, ನನ್ನ ಪತ್ರವನ್ನೂ ಓದಿದ್ದಾಳೆ, ಮುಖ ಚಿಕ್ಕದಾಗಿತ್ತು. "ಟೀಚರ್, ಆ ಕಥೆ ನಿಮ್ಮ ಮಮ್ಮಿ ಹೇಳಿದ್ದು ಅಂದಿರಿ. ಸೋ ಯುವರ್ ಮದರ್ ವಾಸ್ ಲೈಯಿಂಗ್?"

ಅಮ್ಮ ತೀರಿಕೊಂಡು ಆರು ವರ್ಷ. ಮೂರನೇ ಕ್ಲಾಸಿನವರೆಗೆ ಓದಿದವಳು. ಸುಳ್ಳು ಹೇಳಿದ್ದು ಒಮ್ಮೆಯೂ ನೆನಪಿಲ್ಲ. ಬಸ್ಸು ತಪ್ಪುತ್ತದೆ, ಓಡು ಎಂದು ಹುಡುಗಿಯನ್ನು ಕಳಿಸಿದೆ.

ಲೈಬ್ರರಿಗೆ ಹೋಗಿ ದೊಡ್ಡ ಡಿಕ್ಷನರಿಯಲ್ಲಿ 'ಪೇಗನ್' ಹುಡುಕಿದೆ. ಲ್ಯಾಟಿನ್ನಿನಿಂದ ಬಂದ ಶಬ್ದವಂತೆ, ಮೂಲದಲ್ಲಿ ಹಳ್ಳಿಯವನು ಎಂದೇ ಅರ್ಥ. ಇಷ್ಟೇ ಏನು? ಇದಕ್ಕೇ ನಾನು ಕ್ಷಮೆ ಕೇಳಿದ್ದೇ?

೨೩ ಜನವರಿ, ಭಾನುವಾರ

ಈದ್ ರಜೆ. ಮವಾಲೇಹ್ ಮಾರ್ಕೆಟಿನಲ್ಲಿ ತರಕಾರಿ ವ್ಯಾಪಾರ ಮಾಡುವ ಇಬ್ರಾಹಿಂ ಅವರ ಮನೆಗೆ ಹೋಗಿದ್ದೆವು. ಉಪ್ಪಿನಂಗಡಿ ಕಡೆಯವರು. ಅವರ ತಾಯಿ ಅವ್ವಮ್ಮ ಊರಿನಿಂದ ಬಂದಿದ್ದಾರೆ. ತುಳುವಿನಲ್ಲಿ ಮಾತಾಡುವವರು ಸಿಕ್ಕಿದ್ದೇ ಮುದುಕಿ ನನ್ನ ಕೈ ಬಿಡಲಿಲ್ಲ. ಯಾಕೆ ಬಾಡಿದ್ದೀ ಎಂದು ಕೇಳಿದರು. ಕಥೆ ಹೇಳಿದೆ.

"ಕೆಡ್ಡಸವಾ?" ಎಂದು ನಕ್ಕರು. "ನನ್ನ ಅಪ್ಪ ಒಬ್ಬ ಶೆಟ್ರ ಗದ್ದೆ ಮಾಡ್ತಿದ್ದದ್ದು. ಆ ಮೂರು ದಿನ ನಮ್ಮ ಮನೆಯಲ್ಲೂ ಹಾರೆ ಮುಟ್ಟುವ ಹಾಗಿಲ್ಲ. ಅಣ್ಣ ಒಮ್ಮೆ ಬಾಳೆಗಿಡ ನೆಡ್ಲಿಕ್ಕೆ ಗುಂಡಿ ತೋಡಿದ್ದಕ್ಕೆ ಅಪ್ಪನಿಂದ ಪೆಟ್ಟು ತಿಂದಿದ್ದ. 'ನಂಬಿಕೆ ಅವರದ್ದು, ಸರಿ. ಗಂಜಿ ಕೊಡುವ ಗದ್ದೆ ಇಬ್ಬರಿಗೂ ಒಂದೇ ಅಲ್ವಾ' ಅಂತ ಅಪ್ಪ ಹೇಳ್ತಿದ್ದ. ಶೆಟ್ರ ಮನೆಯಿಂದ ನನ್ನೆರಿ ಬರ್ತಿತ್ತು. ಆ ಹುರಿದ ಅಕ್ಕಿ, ಬೆಲ್ಲದ ಪರಿಮಳ ಉಂಟಲ್ಲ ಮಗಳೇ!"

ಮತ್ತೆ ಸ್ವರ ತಗ್ಗಿಸಿ ಕೇಳಿದರು. "ಅಲ್ಲ, ಮಾಪು ಕೇಳಿದ್ದು ಎಂತಕ್ಕೆ? ನೀನು ಯಾರಿಗೆ ಎಂತ ಮಾಡಿದ್ದು?"

ಕಾರಿನಲ್ಲಿ ಬರುವಾಗ ಇವರು ರೇಡಿಯೋ ಹಾಕಿದರು. ಆಫ್ ಮಾಡಿದೆ.

೨೫ ಜನವರಿ, ಮಂಗಳವಾರ

ರೋಸಲಿಂಡ್ ಮೇಡಂ ಹತ್ತಿರ ಹೋಗಿ "ನನ್ನ ಪತ್ರ ವಾಪಸು ಕೊಡಿ" ಎಂದೆ.

"ಕೊಟ್ಟದ್ದನ್ನು ವಾಪಸು ತಗೊಳ್ಳುದು ಹೇಗೆ? ಎಲ್ಲರ ಮನೆಗೆ ಹೋಗಿ ಆಯ್ತು."

"ಹಾಗಾದರೆ ಇದನ್ನೂ ಎಲ್ಲರ ಮನೆಗೆ ಕಳಿಸಿ" ಎಂದು ಇನ್ನೊಂದು ಹಾಳೆ ಕೊಟ್ಟೆ. ಅದರಲ್ಲಿ ಇದ್ದದ್ದು ಇಷ್ಟು: ಮೊದಲ ಪತ್ರದಲ್ಲಿ ಬರೆದದ್ದು ಸುಳ್ಳು. ಹೇಳುವ ಮೊದಲು ಪಾಲಕರನ್ನು ಕೇಳಬೇಕಿತ್ತು, ಅದಷ್ಟೇ ನನ್ನ ತಪ್ಪು. ಕೆಡ್ಡಸ ಎಂದರೆ ಏನು ಎಂದು ನೋಡಲು ಬಯಸುವವರು ಫೆಬ್ರವರಿ ಹನ್ನೊಂದರ ಸಂಜೆ ಬನ್ನಿ, ಯಾವ ಪ್ರಶ್ನೆ ಬೇಕಾದರೂ ಕೇಳಿ, ಉತ್ತರ ಕೊಡುತ್ತೇನೆ.

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಶಾಲೆಯಲ್ಲಿ ಪೂಜೆ ಗೀಜೆ ಆಗುದಿಲ್ಲ. ಶಾಲೆಯ ಹೆಸರೂ ಹಾಕುವ ಹಾಗಿಲ್ಲ. ನಾನು ಕಳಿಸುದೂ ಇಲ್ಲ. ನೀನೇ ಫೋನ್ ಮಾಡು. ಮತ್ತೆ ಮಾರ್ಚ್‌ನಲ್ಲಿ ನನ್ನ ಹತ್ತಿರ ಬಂದು ಅಳಬೇಡ."

ಫೋನ್ ನಂಬರುಗಳ ಪಟ್ಟಿಯನ್ನು ಮಾತ್ರ ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

೨೮ ಜನವರಿ, ಶುಕ್ರವಾರ

ಮನೆಯಲ್ಲಿ ಜಗಳ. "ಮೂರನೇ ಮಾಳಿಗೆಯಲ್ಲಿ ಕೂತು ಯಾವ ಭೂಮಿಗೆ ಎಣ್ಣೆ ಬಿಡುದು? ಟೈಲ್ಸಿಗಾ?" ಎಂದರು ಇವರು. "ಇಲ್ಲಿ ಪೂಜೆಗೆ ಪರವಾನಿಗೆ ಇರುದು ದೇವಸ್ಥಾನದ ಒಳಗೆ ಮಾತ್ರ. ಬಯಲಲ್ಲಿ ಮಾಡಿ ಯಾರಾದರೂ ಪೊಲೀಸಿಗೆ ಹೇಳಿದರೆ? ನನ್ನ ವೀಸಾ ಸ್ಪಾನ್ಸರ್ ಮಾಡಿದ ಕಫೀಲನ ಕೈಯಲ್ಲಿ ಉಂಟು, ಗೊತ್ತಲ್ಲ?"

ಹೆದರಿಕೆ ಸುಳ್ಳಲ್ಲ. ಆದರೆ ಮಾತು ಮುಗಿಯುವ ಮೊದಲೇ ನಾನು ಚಪ್ಪಲಿ ಹಾಕಿ ಕೆಳಗಿಳಿದಿದ್ದೆ. ನಮ್ಮ ಬಿಲ್ಡಿಂಗಿನ ಒಡತಿ ಉಮ್ ಸಾಲಿಂ ಪಕ್ಕದ ವಿಲ್ಲಾದಲ್ಲಿದ್ದಾರೆ. ಅಲ್ ಖುವೈರ್‌ನ ಈ ಸಿಮೆಂಟಿನ ನಡುವೆ ಅವರ ಅಂಗಳದಲ್ಲಿ ಮಾತ್ರ ನಾಲ್ಕು ಖರ್ಜೂರದ ಮರ, ಒಂದು ನಿಂಬೆಗಿಡ, ಒಂದಿಷ್ಟು ನಿಜವಾದ ಮಣ್ಣು. ಅರ್ಧ ಹಿಂದಿ, ಅರ್ಧ ಅರಬ್ಬಿಯಲ್ಲಿ ಹೇಳಿದೆ. ಮುಟ್ಟು ಎನ್ನುವುದಕ್ಕೆ ಅರಬ್ಬಿ ಶಬ್ದ ತಿಳಿಯದೆ ಹೊಟ್ಟೆ ಹಿಡಿದು ತೋರಿಸಿದೆ. ಅವರು ಗಹಗಹಿಸಿ ನಕ್ಕರು. ಕಾವಾ ಕಾಫಿ ಕುಡಿಸಿದರು.

ಆಮೇಲೆ ಗಂಭೀರವಾಗಿ ಹೇಳಿದರು. "ನೋಡು, ನನಗೆ ಅಲ್ಲಾಹ್ ಒಬ್ಬನೇ. ನಾನು ಮಣ್ಣಿಗೆ ಕೈ ಮುಗಿಯುವವಳಲ್ಲ. ಆದರೆ ನಮ್ಮ ಹಿರಿಯರು ಖರ್ಜೂರದ ಮರವನ್ನು ಸೋದರತ್ತೆ ಎನ್ನುತ್ತಿದ್ದರು. ಮರ ಅತ್ತೆಯಾಗಬಹುದಾದರೆ ನಿನಗೆ ನೆಲ ತಾಯಿಯಾಗಲಿ. ನನ್ನ ಅಂಗಳಕ್ಕೆ ಬಂದವರು ನನ್ನ ಅತಿಥಿಗಳು. ಯಾರು ಕೇಳಿದರೂ ನಾನು ಉತ್ತರ ಕೊಡುತ್ತೇನೆ." ಹೊರಡುವಾಗ ಬಾಗಿಲಿನಿಂದ ಕೂಗಿದರು. "ಎಣ್ಣೆ ಮರದ ಬುಡಕ್ಕೆ ಮಾತ್ರ ಬೇಡ, ಮರ ಸತ್ತೀತು!"

೫ ಫೆಬ್ರವರಿ, ಶನಿವಾರ

ಮೂವತ್ತೆಂಟು ಮನೆಗೆ ಫೋನ್ ಮಾಡಿದ್ದೇನೆ. ಕೆಲವರು ನಯವಾಗಿ ನುಣುಚಿಕೊಂಡರು. ಇಬ್ಬರು ಫೋನ್ ಇಟ್ಟರು. ಒಬ್ಬ ತಾಯಿ ತನ್ನ ಮಗನನ್ನು ಬೇರೆ ಸೆಕ್ಷನ್‌ಗೆ ಹಾಕಿಸಿದ್ದಾಳಂತೆ. ಗುರುವಾರಕ್ಕೆ ಇಟ್ಟುಕೊಳ್ಳಿ, ಶುಕ್ರವಾರ ಶಾಪಿಂಗ್ ಇರುತ್ತದೆ ಎಂದರು ಕೆಲವರು. ಆಗುವುದಿಲ್ಲ ಎಂದೆ. ಮೂರನೇ ದಿನ ಎಂದರೆ ಮೂರನೇ ದಿನವೇ.

ಶಿವಶರಣ ಅವರ ಮನೆಗೂ ಮಾಡಿದೆ. ಎತ್ತಿದ್ದು ಹೆಂಡತಿ ಉಜ್ವಲಾ. "ಅವರಿಗೆ ಹೇಳ್ತೀನ್ರೀ" ಎಂದಳು.

೯ ಫೆಬ್ರವರಿ, ಬುಧವಾರ

ಕೆಡ್ಡಸ ಶುರು. ಕುಂಡದ ಕರಿಬೇವು ಕೀಳಲಿಲ್ಲ. ಒಗ್ಗರಣೆಗೆ ಫ್ರಿಜ್ಜಿನಲ್ಲಿ ಇದ್ದ ಒಣ ಎಲೆಯೇ ಆಯಿತು.

ಇವರು ಸೈಟಿನಿಂದ ಬಂದು ಬೂಟು ಬಿಚ್ಚುತ್ತಾ, "ಜೆಸಿಬಿ ಓಡಿತು, ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ" ಎಂದರು. ನಾನು ಕೇಳಿರಲೇ ಇಲ್ಲ. ಬೂಟು ಬದಿಗಿಟ್ಟು, "ನಾನು ಗುಂಡಿಗೆ ಇಳೀಲಿಲ್ಲ. ಆಫೀಸಿನಲ್ಲಿ ಕೂತು ಡ್ರಾಯಿಂಗ್ ನೋಡಿದೆ" ಎಂದರು.

ಅವ್ವಮ್ಮ ಫೋನ್ ಮಾಡಿದ್ದರು. ನಾಳೆ ಬಂದು ಅಕ್ಕಿ ಹುರಿದು ಕೊಡುತ್ತಾರಂತೆ, ನನಗೆ ಹದ ಗೊತ್ತಿರಲಿಕ್ಕಿಲ್ಲ ಎಂದು ಅನುಮಾನ.

೧೧ ಫೆಬ್ರವರಿ, ಶುಕ್ರವಾರ

ಎಲ್ಲವನ್ನೂ ಬರೆದಿಡುತ್ತೇನೆ, ಒಂದನ್ನೂ ಬಿಡುವುದಿಲ್ಲ.

ಬೆಳಿಗ್ಗೆ ಮುಟ್ಟಾದೆ. ಮಾತ್ರೆ ನುಂಗಿ ಕೆಳಗೆ ಹೋದೆ. ಇವರು ಆಗಲೇ ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ನಿಂಬೆಗಿಡದ ಪಕ್ಕ ನಾಲ್ಕಡಿ ಜಾಗ ಗುಡಿಸಿ ನೀರು ಚಿಮುಕಿಸಿ ಸಮ ಮಾಡಿದ್ದರು. ಕೈಯಿಂದಲೇ, ಸಲಿಕೆ ಮುಟ್ಟದೆ. ಅವರ ಉಗುರಿನ ತುಂಬ ಮಣ್ಣು.

ಐದು ಗಂಟೆಗೆ ಜನ ಬರತೊಡಗಿದರು. ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆ. ಕುರ್ಚಿ ಸಾಲದೆ ಉಮ್ ಸಾಲಿಂ ಒಳಗಿನಿಂದ ಜಮಖಾನೆ ತರಿಸಿದರು. ಶಾಲೆಯ ಪಾಲಕರು, ಬಿಲ್ಡಿಂಗಿನ ಮಲಯಾಳಿಗಳು, ಪಾಕಿಸ್ತಾನದ ಒಬ್ಬ ಡಾಕ್ಟರ್ ದಂಪತಿ, ಉಮ್ ಸಾಲಿಂ ಅವರ ಸೊಸೆಯಂದಿರು. ಇಬ್ರಾಹಿಂ ಪಿಕಪ್ಪಿನಲ್ಲಿ ಎಳನೀರಿನ ಗೊನೆಯೇ ತಂದಿದ್ದರು. ಅವ್ವಮ್ಮ ಪಾತ್ರೆಯ ಹತ್ತಿರ ಕುಳಿತು ಯಾರನ್ನೂ ಸೌಟು ಮುಟ್ಟಲು ಬಿಡಲಿಲ್ಲ. ಕೊನೆಗೆ ಭಾಗ್ಯಶ್ರೀಯ ಕೈ ಹಿಡಿದು ಉಜ್ವಲಾ ಬಂದಳು. ಹಿಂದೆ ಶಿವಶರಣ. ಗೇಟಿನ ಹತ್ತಿರವೇ ಕೈಕಟ್ಟಿ ನಿಂತರು.

ನಾನು ಕಾಗದದಲ್ಲಿ ಬರೆದುಕೊಂಡಿದ್ದೆ. ಕಾಗದ ಚೀಲದಲ್ಲೇ ಉಳಿಯಿತು. ನಾನು ಯಾರು, ಎಲ್ಲಿಯವಳು ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಹೇಳಿದೆ. ನಮ್ಮವರು ದೊಡ್ಡ ದೇವಸ್ಥಾನಗಳಿಗೂ ಹೋಗುತ್ತಾರೆ, ಆದರೆ ಅದಕ್ಕೂ ಮೊದಲಿನಿಂದ ಗದ್ದೆ, ಕಲ್ಲು, ಮರ, ಹಾವಿನ ಹುತ್ತಕ್ಕೆ ನಡೆದುಕೊಂಡು ಬಂದವರು ಎಂದೆ. "ಇದು ನಮ್ಮ ಧರ್ಮ. ಪುಸ್ತಕ ಇಲ್ಲ, ಭಟ್ಟರೂ ಇಲ್ಲ. ನನಗೆ ಕೊಟ್ಟದ್ದು ನನ್ನ ಅಮ್ಮ. ನೀವು ಇದನ್ನು ನಂಬಬೇಕು ಅಂತ ನಾನು ಕರೆದಿಲ್ಲ. ನೋಡಿ, ಕೇಳಿ, ತಿಂದು ಹೋಗಿ."

ಶಿವಶರಣ ಅಲ್ಲಿಂದಲೇ ಕೇಳಿದರು. "ನಿಮ್ಮ ಊರಾಗ ನೀವು ಏನರೆ ಮಾಡ್ರಿ ಮೇಡಂ, ನಾ ಬ್ಯಾಡ ಅನ್ನಂಗಿಲ್ಲ. ಹತ್ತು ವರ್ಷದ ಹುಡುಗ್ಯಾರ ಮುಂದ ಈ ಮಾತು ಯಾಕ ಬೇಕಿತ್ತು? ಇಲ್ಲಿ ಮಂದಿ ನಮ್ಮನ್ನ ಏನಂತ ತಿಳ್ಕೋಬೇಕು?"

ಎಲ್ಲರೂ ನನ್ನನ್ನೇ ನೋಡಿದರು. ಇವರು ಏಳಲು ಹೋದರು. ಬೇಡ ಎಂದು ಕೈ ಮಾಡಿದೆ.

"ಮೊದಲು ನಿಮ್ಮನ್ನು ಕೇಳಬೇಕಿತ್ತು ಸರ್. ಅದಕ್ಕೆ ಇವತ್ತೂ ಕ್ಷಮೆ ಕೇಳ್ತೇನೆ. ಆದರೆ ನಾನು ಹನ್ನೆರಡನೇ ವಯಸ್ಸಿಗೆ ದೊಡ್ಡವಳಾದಾಗ ನನ್ನನ್ನು ದನದ ಕೊಟ್ಟಿಗೆಯ ಪಕ್ಕ ಕೂರಿಸಿದ್ದರು. ಯಾರೂ ಮುಟ್ಟಲಿಲ್ಲ. ಏನೋ ದೊಡ್ಡ ತಪ್ಪು ಮಾಡಿದೆ ಅಂತ ಮೂರು ದಿನ ಅತ್ತೆ. ಅದೇ ವರ್ಷ ಕೆಡ್ಡಸಕ್ಕೆ ಅಮ್ಮ ಅಂಗಳದಲ್ಲಿ ಭೂಮಿಗೆ ಎಣ್ಣೆ ಬಿಡುವುದು ನೋಡಿದೆ. ಭೂಮಿಗೆ ಮಾತ್ರ ಯಾರೂ ಹೊರಗೆ ಕೂತುಕೋ ಅನ್ನಲಿಲ್ಲ. ಅವಳಿಗೆ ವಿಶ್ರಾಂತಿ, ಸ್ನಾನ, ಸಿಹಿ. ಅದನ್ನು ನೋಡಿದ ಮೇಲೆ ನನ್ನ ಅಳು ನಿಂತಿತು. ನಮ್ಮವರು ನನಗೆ ಮಾಡಿದ್ದು ಸರಿಯಲ್ಲ. ಭೂಮಿಗೆ ಮಾಡಿದ್ದು ಸರಿ. ಎರಡೂ ನಮ್ಮದೇ. ನಿಮ್ಮ ಮಗಳು ಅಳಬೇಕಾದ ದಿನಕ್ಕೆ ಮೊದಲೇ ಎರಡನೆಯದನ್ನು ಕೇಳಿದಳು, ಅಷ್ಟೇ."

ಶಿವಶರಣ ಬಾಯಿ ತೆರೆದರು. ಅಷ್ಟರಲ್ಲಿ ಉಜ್ವಲಾ ಎದ್ದಳು. ಇಷ್ಟು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ ಅವಳಿಗೆ, ಸೆರಗು ಬಿಗಿ ಹಿಡಿದಿದ್ದಳು.

"ರೀ, ಸೀಗಿ ಹುಣ್ಣಿವಿ ದಿನ ನಿಮ್ಮವ್ವ ಬುಟ್ಟಿ ತುಂಬಿಕೊಂಡು ಹೊಲಕ್ಕ ಹೋಗ್ತಿದ್ದಿಲ್ಲೇನು? ಭೂಮ್ತಾಯಿ ಬಸುರಿ ಅದಾಳ, ಬಯಕಿ ಊಟ ಕೊಡಬೇಕು ಅಂತ ಹೋಳಿಗಿ, ಕಡಬು, ಪುಂಡಿಪಲ್ಯ ಹೊಲದ ತುಂಬ ಚರಗ ಚೆಲ್ಲುತಿದ್ದಿಲ್ಲೇನು? ಮದುವ್ಯಾದ ಮೊದಲನೇ ವರ್ಷ ನನ್ನೂ ಕರಕೊಂಡು ಹೋಗಿದ್ದಳು. ನಾವು ಬಸುರಿ ಅಂತೀವಿ, ಇವರು ಮುಟ್ಟು ಅಂತಾರ." ಒಂದು ಸಲ ಉಸಿರು ತೆಗೆದುಕೊಂಡಳು. "ಮುಟ್ಟಾಗದ ಬಸುರಾಗೂದು ಹ್ಯಾಂಗ್ರೀ?"

ಮೊದಲು ನಕ್ಕಿದ್ದು ಅವ್ವಮ್ಮ. ಆಮೇಲೆ ಹೆಂಗಸರೆಲ್ಲ. ನಾನು ಹಿಂದಿಯಲ್ಲಿ ಹೇಳಿದೆ, ಡಾಕ್ಟರ ಹೆಂಡತಿ ಅದನ್ನು ಉಮ್ ಸಾಲಿಂಗೆ ಅರಬ್ಬಿಯಲ್ಲಿ ವಿವರಿಸಿದಳು, ಆ ಕಡೆಯಿಂದ ಇನ್ನೊಂದು ಅಲೆ ನಗು ಎದ್ದಿತು. ಶಿವಶರಣ ನಗಲಿಲ್ಲ. ಆದರೆ ಗೇಟು ಬಿಟ್ಟು ಬಂದು ಜಮಖಾನೆಯ ತುದಿಯಲ್ಲಿ ಕುಳಿತರು.

ಸೂರ್ಯ ಕೆಳಗಿಳಿಯುವ ಹೊತ್ತಿಗೆ ಎಣ್ಣೆ ಬಿಟ್ಟೆ, ಏಳು ತೊಟ್ಟು, ಅಮ್ಮ ಬಿಡುತ್ತಿದ್ದ ಹಾಗೆ. ಸೀಗೆಪುಡಿ, ಅರಸಿನ, ಕುಂಕುಮ, ತೆಂಗಿನ ಗರಿಯ ಕಡ್ಡಿಯಿಂದ ಮಾಡಿದ ಬಾಚಣಿಗೆ, ಸಣ್ಣದೊಂದು ಕನ್ನಡಿ. ಒಮಾನಿನ ಮಣ್ಣು ನಮ್ಮೂರಿನ ಮಣ್ಣಿನ ಹಾಗಲ್ಲ. ಎಣ್ಣೆ ಬಿದ್ದಲ್ಲೇ ಒಂದು ಗಳಿಗೆ ಮಣಿಯ ಹಾಗೆ ನಿಂತು ಆಮೇಲೆ ಇಳಿಯಿತು. ಕೆಲವರು ಕೈ ಮುಗಿದರು. ಹಲವರು ಮುಗಿಯಲಿಲ್ಲ, ಸುಮ್ಮನೆ ನಿಂತು ನೋಡಿದರು. ಅದು ನನಗೆ ಇನ್ನೂ ದೊಡ್ಡದಾಗಿ ಕಂಡಿತು. ಅಷ್ಟರಲ್ಲಿ ಮಸೀದಿಯಿಂದ ಸಂಜೆಯ ಮಗ್ರಿಬ್ ಬಾಂಗ್ ಕೇಳಿತು. ಉಮ್ ಸಾಲಿಂ, ಅವ್ವಮ್ಮ, ಉಳಿದವರು ಒಳಗೆ ನಮಾಜಿಗೆ ಹೋದರು. ಅವರು ಬರುವವರೆಗೆ ನಾವು ನನ್ನೆರಿ ಹಂಚದೆ ಕಾದೆವು.

ಡಾಕ್ಟರು ಮೂರು ಸಲ ಹಾಕಿಸಿಕೊಂಡರು. ಉಮ್ ಸಾಲಿಂ ಬೆಲ್ಲ ಹೆಚ್ಚಾಯಿತು ಎಂದರು. ಅವ್ವಮ್ಮನಿಗೆ ಸಿಟ್ಟು ಬಂತು.

ಪಾತ್ರೆ ತೊಳೆಯುವಾಗ ಇವರು ಹಿಂದಿನಿಂದ ಬಂದು, "ನಿನ್ನ ಅಮ್ಮ ಇರಬೇಕಿತ್ತು" ಎಂದರು. ಕಾಲು ಊದಿಕೊಂಡಿದೆ. ದೇವರ ಮುಂದೆ ಇವತ್ತು ನಾನೇ ದೀಪ ಹಚ್ಚಿ ಬಂದು ಬರೆಯುತ್ತಿದ್ದೇನೆ.

೧೩ ಫೆಬ್ರವರಿ, ಭಾನುವಾರ

ರೋಸಲಿಂಡ್ ಮೇಡಂ ಬಂದಿರಲಿಲ್ಲ. ಇವತ್ತು ಕಾರಿಡಾರಿನಲ್ಲಿ, "ನೂರು ಜನ ಇದ್ರಂತೆ?" ಎಂದರು. "ಅರವತ್ತು" ಎಂದೆ. "ನನಗೆ ಸ್ವಲ್ಪ ಇಡ್ಲಿಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

೧೫ ಮಾರ್ಚ್, ಮಂಗಳವಾರ

ಕಮಿಟಿ ಕರೆಯಿತು. ಎಲ್ಲರಿಗೂ ಎರಡು ವರ್ಷ, ನನಗೆ ಒಂದೇ ವರ್ಷ. ಪಠ್ಯದ ಹೊರಗಿನ ಧಾರ್ಮಿಕ ವಿಷಯ ತರಗತಿಯಲ್ಲಿ ಹೇಳುವುದಿಲ್ಲ ಎಂದು ಬರೆದುಕೊಡಿ ಎಂದರು. "ಯಾವ ಧರ್ಮದ್ದೂ ಹೇಳುವುದಿಲ್ಲ ಅಂತ ಬರೀತೇನೆ, ಎಲ್ಲ ಟೀಚರೂ ಬರೆಯಲಿ. ನನ್ನದೊಂದೇ ಧರ್ಮದ ಹೆಸರು ಹಾಕಿದರೆ ಸಹಿ ಇಲ್ಲ" ಎಂದೆ. ಅವರಲ್ಲೇ ಮಾತುಕತೆಯಾಯಿತು. ಕಾಗದ ತಿದ್ದಿ ತಂದರು. ಓದಿ ಸಹಿ ಮಾಡಿದೆ.

ಇವರಿಗೆ ಹೇಳುವುದೇ ಮರೆತಿದ್ದೆ, ಊಟಕ್ಕೆ ಕುಳಿತಾಗ ನೆನಪಾಯಿತು.

೧೭ ಅಕ್ಟೋಬರ್, ಸೋಮವಾರ

ತಿಂಗಳುಗಟ್ಟಲೆ ಈ ಪುಸ್ತಕ ತೆರೆದಿರಲಿಲ್ಲ.

ಇವತ್ತು ಸೀಗಿ ಹುಣ್ಣಿಮೆ. ಉಜ್ವಲಾ ಹದಿನೈದು ದಿನ ಮೊದಲೇ ಉಮ್ ಸಾಲಿಂ ಹತ್ತಿರ ತಾನೇ ಹೋಗಿ ಅಂಗಳ ಕೇಳಿಕೊಂಡಿದ್ದಳು, ನನ್ನನ್ನು ಜೊತೆಗೂ ಕರೆಯಲಿಲ್ಲ. ರಂಜಾನ್ ತಿಂಗಳಾದ್ದರಿಂದ ಎಲ್ಲವನ್ನೂ ಮಗ್ರಿಬ್ ಆದ ಮೇಲೆ ಇಟ್ಟುಕೊಂಡಳು. ಉಮ್ ಸಾಲಿಂ ಮನೆಯವರು ಉಪವಾಸ ಬಿಟ್ಟು ಬರುವವರೆಗೆ ಯಾರೂ ಒಂದು ತುತ್ತು ಮುಟ್ಟಲಿಲ್ಲ. ಇವತ್ತು ಮಾತಾಡಿದವಳು ಅವಳು, ನಾನು ಎಲೆ ಹಾಕಿದೆ. ಗುಲ್ಬರ್ಗ, ಬಿಜಾಪುರದ ಕಡೆಯ ಏಳೆಂಟು ಸಂಸಾರ ಬಂದಿತ್ತು. ಎಷ್ಟೋ ವರ್ಷದಿಂದ ಇದೇ ಊರಿನಲ್ಲಿದ್ದೂ ತಮ್ಮ ಹಬ್ಬದ ಹೆಸರನ್ನು ಬಾಯಿ ಬಿಟ್ಟು ಹೇಳದವರು.

ಚರಗ ಚೆಲ್ಲುವಾಗ ಕೂಗು ಹಾಕಬೇಕಂತೆ, ಅದು ಗಂಡಸರ ಕೆಲಸ. ಯಾರೂ ಮುಂದೆ ಬರಲಿಲ್ಲ. ಭಾಗ್ಯಶ್ರೀ ಅಪ್ಪನ ಅಂಗಿ ಜಗ್ಗಿದಳು. ಶಿವಶರಣ ಆಫೀಸಿನ ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು, ಬುಟ್ಟಿ ಹಿಡಿದು ಖರ್ಜೂರದ ಮರಗಳ ನಡುವೆ ಹೋದರು. ಮೊದಲು ಗಂಟಲಲ್ಲೇ ಅಂದರು. ಎರಡನೆಯ ಸಲ ಸ್ವಲ್ಪ ಜೋರಾಗಿ. ಮೂರನೆಯ ಸಲ ತಲೆ ಎತ್ತಿ, ಹೆದ್ದಾರಿಯ ಕಾರುಗಳ ಸದ್ದನ್ನೂ ಮೀರಿಸಿ ಕೂಗಿದರು.

"ಹುಲ್ಲುಲ್ಲಿಗ್ಯೋ... ಚಳ್ಳಂಬರಿಗ್ಯೋ!"

ಬಿಲ್ಡಿಂಗಿನ ಬಾಲ್ಕನಿಗಳಲ್ಲಿ ಒಂದೊಂದಾಗಿ ಜನ ಬಂದು ನಿಂತರು. ಏನದು ಎಂದು ಮೇಲಿನಿಂದ ಯಾರೋ ಹಿಂದಿಯಲ್ಲಿ ಕೇಳಿದರು. ಶಿವಶರಣ ಬುಟ್ಟಿಯನ್ನು ಮೇಲೆತ್ತಿ ತೋರಿಸಿ, ಕೆಳಗೆ ಬನ್ನಿ, ಹೇಳುತ್ತೇನೆ ಎಂದು ಕರೆದರು.